ಹುಳುಮನೆಯಲ್ಲಿಟ್ಟ ದೊನ್ನೆಗಳು

ದೊನ್ನೆಗೆ ಚುಚ್ಚಿದ ಕಡ್ಡಿ ಯಾರದಾದರೂ ಗಂಟಲಿಗೆ ಸಿಕ್ಕಿಕೊಳ್ಳಬಹುದಿತ್ತು. ಮಳೆಗಾಲದಲ್ಲಿ ಎಲೆಗೆ ಬೂಷ್ಟು ಹಿಡಿಯಬಹುದಿತ್ತು. ಗುಡ್ಡದಲ್ಲಿ ಎಲೆ ಕೊಯ್ಯುವ ಹೆಂಗಸರಲ್ಲಿ ಯಾರಿಗಾದರೂ ಹಾವು ಕಚ್ಚಿ, ಈ ಕೆಲಸಕ್ಕೆ ಇಳಿಸಿದವನು ಯಾರು ಎಂದು ಊರಿನವರು ನನ್ನನ್ನು ಹುಡುಕಿಕೊಂಡು ಬರಬಹುದಿತ್ತು. ಮುತ್ತುಗದ ಜೊತೆಗೆ ಬೇರೆ ಯಾವುದೋ ಎಲೆ ಬೆರೆಯಬಹುದಿತ್ತು. ಫಾರೆಸ್ಟ್ ಗಾರ್ಡ್ ಬಂದು ಎಲೆಯ ಹೊರೆಯನ್ನೇ ಇಳಿಸಿಕೊಳ್ಳಬಹುದಿತ್ತು. ದೊನ್ನೆಯ ತಳ ಸೋರಿ, ಬಸ್ಸಿನಲ್ಲಿ ಪಾರ್ಸೆಲ್ ಹಿಡಿದು ಕೂತವನ ಪಕ್ಕದ ಮದುಮಗನ ಬಿಳಿ ಪಂಚೆಯ ಮೇಲೆ ಸಾಂಬಾರು ಇಳಿಯಬಹುದಿತ್ತು. ಹೋಟೆಲಿನವನು ಜಿಪುಣತನಕ್ಕೆ ಬಿದ್ದು, ತಿಂದು ಬಿಟ್ಟ ದೊನ್ನೆಯನ್ನೇ ಒರೆಸಿ ಮತ್ತೆ ಕೊಡಬಹುದಿತ್ತು. ಇಲಿ, ಜಿರಲೆ, ಹಲ್ಲಿ, ಇರುವೆ, ನಾಯಿ, ಕೋಳಿ, ಪ್ರತಿಯೊಂದಕ್ಕೂ ಒಂದೊಂದು ಅವಘಡ ಕಲ್ಪಿಸಿಕೊಂಡಿದ್ದೆ.

ಇವೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬರೆದಿಟ್ಟರೆ ಅದು ಆಗುವುದಿಲ್ಲ ಎಂಬುದು ನನ್ನ ನಂಬಿಕೆ. ಆ ಮಟ್ಟಿಗೆ ನಂಬಿಕೆ ನಿಜವಾಯಿತು. ಬರೆದದ್ದರಲ್ಲಿ ಒಂದೂ ಆಗಲಿಲ್ಲ.

ನಾನು ಆಹಾರ ಸುರಕ್ಷತಾ ಅಧಿಕಾರಿಯಾಗಿದ್ದವನು. ಜನರ ಬಾಯಲ್ಲಿ ಫುಡ್ ಇನ್ಸ್‌ಪೆಕ್ಟರ್. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳ ಹೋಟೆಲು, ಬೇಕರಿ, ತಳ್ಳುಗಾಡಿಗಳ ಹಿತ್ತಲನ್ನು ಮುಂಬಾಗಿಲಿಗಿಂತ ಚೆನ್ನಾಗಿ ಬಲ್ಲವನು. ಅವಧಿ ಮುಗಿಯಲು ಇನ್ನೂ ಕೆಲವು ವರ್ಷಗಳಿರುವಾಗಲೇ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಹೊಟ್ಟೆಯಲ್ಲಿ ಆಸಿಡಿಟಿ ಎಂದು ಎಲ್ಲರಿಗೂ ಹೇಳಿದ್ದೇನೆ. ಮದುವೆಗೆ ಕರೆಯುವ ನೆಂಟರು ಈಗಲೂ ನನಗೆ ಅಡುಗೆಮನೆಯ ಕಡೆ ಬೆನ್ನು ಮಾಡಿ ಕುರ್ಚಿ ಹಾಕುತ್ತಾರೆ. ಹೋಟೆಲಿನಿಂದ ಏನಾದರೂ ತರಬೇಕೆಂದರೆ ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯುತ್ತೇನೆ. ಅದನ್ನು ಹಿಡಿದು ನಡೆಯುವಾಗ ಹೆಂಡತಿ ನನಗಿಂತ ಹತ್ತು ಹೆಜ್ಜೆ ಹಿಂದೆ ಬರುತ್ತಾಳೆ.

ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಮೊನ್ನೆ ಮನೆಗೆ ಬಂದು, ಅನುಭವದ ಮಾತು ಹೇಳಿ ಸಾರ್ ಎಂದರು. ಕಾಫಿ ಕೊಟ್ಟು ಕಳಿಸಿದೆ. ಹೇಳಬೇಕಾದ್ದನ್ನು ಮುಖ ನೋಡಿಕೊಂಡು ಹೇಳಲು ಆಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಸೇರಿದ ಹೊಸದರಲ್ಲಿ ನಮ್ಮ ಕಣ್ಣೆಲ್ಲ ತಿನಿಸಿನ ಮೇಲೆ. ಎಣ್ಣೆ ಕಪ್ಪಾಗಿದೆಯೇ, ಬೇಳೆಗೆ ಬಣ್ಣ ಹಾಕಿದ್ದಾರೆಯೇ, ಹಾಲಿಗೆ ನೀರು ಎಷ್ಟು. ತಿನಿಸನ್ನು ಯಾವುದರಲ್ಲಿ ಕಟ್ಟಿಕೊಡುತ್ತಾರೆ ಎಂಬುದು ಯಾರಿಗೂ ಬೇಕಿರಲಿಲ್ಲ. ಮಾಗಡಿಯಲ್ಲಿ ಬಸ್ ನಿಲ್ದಾಣದ ಹತ್ತಿರ ಬೋಂಡ ಮಾರುವ ಚಿಕ್ಕಣ್ಣ ಎಂಬಾತನಿದ್ದ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೊಡುತ್ತಿದ್ದ. ಬಿಸಿ ಎಣ್ಣೆಗೆ ಅಚ್ಚಿನ ಮಸಿ ಬಿಟ್ಟುಕೊಂಡು ಬೋಂಡದ ಮೇಲೆ ಸಿನಿಮಾ ಜಾಹೀರಾತಿನ ಅರ್ಧ ಮುಖ ಮೂಡುತ್ತಿತ್ತು. ಆ ಮಸಿಯಲ್ಲಿ ಏನೇನಿದೆ ಎಂದು ನಾನು ಹೇಳಿದ್ದೇ ಹೇಳಿದ್ದು. ಕಡೆಗೆ, ನೋಡಲು ಚೊಕ್ಕಟವಾಗಿರುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಕೊಡು ಎಂದೆ. ಅವನು ಹಾಗೇ ಮಾಡಿದ.

ಮುಂದೊಂದು ತರಬೇತಿಯಲ್ಲಿ, ಬಿಸಿಯೂ ಎಣ್ಣೆಯೂ ಸೇರಿದರೆ ತೆಳು ಪ್ಲಾಸ್ಟಿಕ್ಕಿನಿಂದ ಏನೇನು ತಿನಿಸಿಗೆ ಇಳಿಯುತ್ತದೆ ಎಂದು ಪರದೆಯ ಮೇಲೆ ತೋರಿಸಿದರು. ನನಗೆ ಚಿಕ್ಕಣ್ಣನ ಬೋಂಡಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಮರುದಿನವೇ ಮಾಗಡಿಗೆ ಹೋಗಿ, ಕವರ್ ಬೇಡ ಎಂದೆ. ಅವನು ಬಾಣಲೆಯಿಂದ ಕಣ್ಣೆತ್ತದೆ ಹೇಳಿದ:

"ಪೇಪರ್ ಬ್ಯಾಡ ಅಂದ್ರಿ, ಬುಟ್ಟೆ. ಕವರ್ ಹಾಕು ಅಂದ್ರಿ, ಹಾಕ್ದೆ. ಈಗ ಅದೂ ಬ್ಯಾಡ ಅಂತೀರಿ. ಒಸಿ ಮನೇಗೋಗಿ ನೀವೇ ಒಂದ್ ತೀರ್ಮಾನಕ್ಕೆ ಬಂದ್ಬುಡಿ ಸಾ. ನಾನೆಲ್ಲೂ ಓಗಲ್ಲ, ಇಲ್ಲೇ ಬೇಯಿಸ್ತಿರ್ತೀನಿ."

ತೀರ್ಮಾನಕ್ಕೆ ಬರುವುದರಲ್ಲಿ ನನ್ನ ತಲೆಗೂದಲು ನೆರೆಯಿತು.

ಕನಕಪುರದಲ್ಲಿ ಮಾಡಿದ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಒಂದು ಹೋಟೆಲಿನವರು ಕುದಿಯುವ ಸಾಂಬಾರನ್ನು ಕವರಿಗೆ ಸುರಿದು ದಾರ ಕಟ್ಟಿ ಕೊಡುತ್ತಿದ್ದರು. ಕವರಿನಿಂದ ಏನು ಇಳಿದಿದೆ ನೋಡೋಣ ಎಂದು ಮಾದರಿ ತೆಗೆದೆ. ಸಾಕ್ಷಿಗಳ ಸಹಿ ಹಾಕಿಸಿದೆ, ಅರಗು ಕರಗಿಸಿ ಮುದ್ರೆ ಒತ್ತಿದೆ, ಮುದ್ರೆ ಸರಿಯಾಗಿ ಬಿದ್ದಿಲ್ಲವೆಂದು ಇನ್ನೊಂದು ಸಲ ಒತ್ತಿದೆ. ವಾರ ಕಳೆದ ಮೇಲೆ ಪ್ರಯೋಗಾಲಯದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, ಪ್ಲಾಸ್ಟಿಕ್ಕಿನ ಅಂಶ ಸಾಂಬಾರಿನಲ್ಲಿ ಸಿಕ್ಕಿದೆ ಸರ್, ಆದರೆ ಅದು ಹೋಟೆಲಿನ ಕವರಿನದೋ ನೀವು ಕಳಿಸಿದ ಪ್ಲಾಸ್ಟಿಕ್ ಜಾರಿನದೋ ಹೇಳುವುದು ಹೇಗೆ ಎಂದು ಕೇಳಿದರು. ಬಿಸಿ ಸಾಂಬಾರನ್ನು ನಾನೇ ಪ್ಲಾಸ್ಟಿಕ್ ಜಾರಿಗೆ ಸುರಿದಿದ್ದೆ. ಅಂದಿನಿಂದ ಗಾಜಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು ತಿರುಗತೊಡಗಿದೆ. ನಡೆದರೆ ಸೋಡಾ ಗಾಡಿಯ ಸದ್ದು ಬರುತ್ತಿತ್ತು. ನಾನು ಬರುವುದು ಹೋಟೆಲಿನವರಿಗೆ ಬೀದಿ ತುದಿಯಲ್ಲೇ ತಿಳಿಯುತ್ತಿತ್ತು.

ಹೀಗಿರುವಾಗ ನಮಗೊಬ್ಬರು ಹೊಸ ಮೇಲಧಿಕಾರಿ ಬಂದರು. ದನಿಯೇರಿಸದ ಮನುಷ್ಯ. ಬೇಡ ಬೇಡ ಎಂದು ತಿರುಗಿದರೆ ಸಾಲದು, ಬೇಕಾದ್ದು ಯಾವುದೆಂದು ಕೈಯಲ್ಲಿ ಹಿಡಿದು ತೋರಿಸಿ ಎಂದರು. ನನಗೆ ಕೂಡಲೇ ಹೊಳೆದದ್ದು ಹೋಟೆಲಿನವರ ಬಾಯಲ್ಲಿ ಕೇಳಿದ್ದ ಗೌರಮ್ಮನ ಹೆಸರು.

ಕೈಲಾಂಚದ ಕಡೆಯ ಒಂದು ಹಳ್ಳಿಯವರು ಆಕೆ. ಅವರ ತಾಯಿಯ ಕಾಲದಲ್ಲಿ ಅವರ ಮನೆಯ ಮುತ್ತುಗದ ಎಲೆಯೂ ದೊನ್ನೆಯೂ ರಾಮನಗರದ ಎಲ್ಲ ಮದುವೆಗಳಿಗೆ ಹೋಗುತ್ತಿದ್ದವಂತೆ. ಆಮೇಲೆ ಬೆಳ್ಳಿಬಣ್ಣದ ಹಾಳೆ ಅಂಟಿಸಿದ ಬಟ್ಟಲುಗಳೂ ಕವರುಗಳೂ ಬಂದವು, ಕಡ್ಡಿ ಚುಚ್ಚಿ ಎಲೆ ಹಚ್ಚುವುದು ನಿಂತಿತು. ನಿಲ್ಲಿಸಿದವರಲ್ಲಿ ನಾನೂ ಒಬ್ಬ. ಎಲೆಯಲ್ಲಿ ಮಣ್ಣಿರುತ್ತದೆ, ಹುಳ ಇರುತ್ತದೆ ಎಂದು ಹೋಟೆಲಿನವರಿಗೆ ಹೇಳಿದ ನೆನಪು ನನಗೆ ಚೆನ್ನಾಗಿಯೇ ಇದೆ.

ಮೊದಲ ಸಲ ಹೋದಾಗ ಗೌರಮ್ಮ ಜಗಲಿಯ ಮೇಲೆ ಕೂತು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ಅವರದು ರೇಷ್ಮೆ ಹುಳು ಸಾಕುವ ಮನೆ. ಗಂಡ ಬಸವಣ್ಣ ಹುಳುವಿನ ಬೆಳೆ ನೋಡಿಕೊಳ್ಳುತ್ತಾರೆ. ಹುಳು, ಗೂಡು, ಮಾರ್ಕೆಟ್ಟು ಎಲ್ಲ ಅವರದೇ ಮಾತು. ದೊನ್ನೆ ಮಾಡಿಕೊಡುತ್ತೀರಾ ಎಂದು ಕೇಳಿದೆ. ಆಕೆ ನಗಲಿಲ್ಲ. ಒಳಗೆ ಹೋಗಿ ತಾಯಿ ಬಳಸುತ್ತಿದ್ದ, ಕಡ್ಡಿ ಸೀಳುವ ಸಣ್ಣ ಕತ್ತಿಯನ್ನು ತಂದು ತೋರಿಸಿದರು. ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿ ಇಟ್ಟಿದ್ದರು.

"ನಮ್ಮವ್ವ ಸಾಯೋ ಮುಂದೆ ಇದನ್ನ ನನ್ ಕೈಗೆ ಕೊಟ್ಲು. ಯಾರಾರ ಕೇಳ್ಕಂಡು ಬತ್ತಾರೆ ಅಂದಿದ್ಲು," ಎಂದರು. "ಇಷ್ಟ್ ದಿವ್ಸ ಆಯ್ತು ನೋಡಿ ಸಾ, ನೀವು ಬರಕ್ಕೆ."

ನಾಲ್ಕು ಜನ ಹೆಂಗಸರು ಸೇರಿಕೊಂಡರು. ಮಧ್ಯಾಹ್ನ ಸೊಪ್ಪಿನ ಕೆಲಸ ಮುಗಿದ ಮೇಲೆ ಗೌರಮ್ಮನ ಜಗಲಿಯಲ್ಲಿ ಎಲೆ ಹಚ್ಚುತ್ತಿದ್ದರು. ಅಲ್ಲಿಯವರೆಗೆ ಆ ಮನೆಯಲ್ಲಿ ಬಸವಣ್ಣನನ್ನು ಕೇಳಿಕೊಂಡು ಬರುವವರೇ ಎಲ್ಲ. ಈಗ ಗೌರಮ್ಮನನ್ನು ಕೇಳಿಕೊಂಡು ಜನ ಬರತೊಡಗಿದರು. ಒಮ್ಮೆ ನಾನು ಹೋದಾಗ ಬಸವಣ್ಣ ಗೇಟಿನ ಬಳಿಯೇ, "ಮೇಡಮ್ಮು ಬಿಜಿ ಅವ್ರೆ, ಕುಂತಿರಿ ಸಾ," ಎಂದರು. ಗೌರಮ್ಮ ಒಳಗಿನಿಂದಲೇ, "ಬಾಯ್ ಮುಚ್ಚಂಡು ಸೊಪ್ ಹಾಕೋಗು," ಎಂದರು. ಇಬ್ಬರಿಗೂ ಖುಷಿಯಿತ್ತು.

ರಾಮನಗರದಲ್ಲಿ ಬಾತು, ಇಡ್ಲಿಗಳ ಪಾರ್ಸೆಲ್ಲಿಗೆ ಹೆಸರಾದ ಸಿದ್ದಲಿಂಗಣ್ಣನ ಹೋಟೆಲಿಗೆ ಈ ದೊನ್ನೆಗಳನ್ನು ಒಪ್ಪಿಸಿದೆ. ಕೊಡುವ ಮುಂಚೆ ಜಾಗದ ತಪಾಸಣೆ ಮಾಡಿ, ದೊನ್ನೆ ಇಡುವ ಕೋಣೆ ಸರಿಯಿದೆ ಎಂದು ನಾನು ಬರೆದು ಕೊಡಬೇಕಿತ್ತು. ತೆರೆದ ಜಗಲಿಯಲ್ಲಿ ಇಡಬೇಡಿ, ಇಲಿ ಜಿರಲೆ ಬಾರದ, ಮುಚ್ಚಿದ, ಮನೆಯಲ್ಲೇ ಅತ್ಯಂತ ಚೊಕ್ಕಟವಾದ ಜಾಗದಲ್ಲಿ ಇಡಿ ಎಂದು ಗೌರಮ್ಮನಿಗೆ ಮೊದಲೇ ಹೇಳಿಕಳಿಸಿದ್ದೆ. ಆಕೆ ತೋರಿಸಿದ್ದು ರೇಷ್ಮೆ ಹುಳು ಸಾಕುವ ಹುಳುಮನೆಯನ್ನು. ಬೆಳೆ ಮುಗಿದು ಖಾಲಿಯಿತ್ತು. ಶೂ ಬಿಚ್ಚಿ ಕಾಲು ತೊಳೆದುಕೊಂಡು ಬನ್ನಿ, ಹುಳ ಇಲ್ಲದಿದ್ದರೂ ನಾವು ಯಾರನ್ನೂ ಹಾಗೇ ಬಿಡುವುದಿಲ್ಲ ಎಂದರು. ನಾನು ಮುಚ್ಚಿದ ಕಿಟಕಿಯ ಗಾಜಿನಿಂದಲೇ ನೋಡಿದೆ. ಸಿಮೆಂಟು ನೆಲ, ಸುಣ್ಣ ಬಳಿದ ಗೋಡೆ, ಸಾಲು ಸ್ಟ್ಯಾಂಡುಗಳು, ಒಂದು ಜೇಡರ ಬಲೆಯೂ ಇಲ್ಲ. ಬಾಗಿಲಿಗೆ ಬೀಗವಿದೆಯೇ ಎಂದು ಕೇಳಿದೆ. ಇದೆ ಎಂದರು. 'ಕೋಣೆಯ ಒಳಗೆ ಹೋಗಿ ಪರಿಶೀಲಿಸಲಾಗಿದೆ' ಎಂಬ ಸಾಲು ನಮೂನೆಯಲ್ಲಿ ಮೊದಲೇ ಅಚ್ಚಾಗಿತ್ತು. ಕೆಳಗೆ ಸಹಿ ಹಾಕಿದೆ.

ಒಂದು ಮಳೆಗಾಲ, ಒಂದು ಚಳಿಗಾಲ ಸುಸೂತ್ರವಾಗಿ ಕಳೆಯಿತು. ನೋಟ್‌ಬುಕ್ಕಿನ ಅವಘಡಗಳಿಗೆ ಒಂದೊಂದಾಗಿ ಗೆರೆ ಎಳೆದೆ. ಹೆಂಡತಿ ಹೇಳುವಂತೆ, ನಮ್ಮ ಮದುವೆಯಾದ ಮೇಲೆ ನಾನು ಸಮಾಧಾನವಾಗಿ ನಿದ್ದೆ ಮಾಡಿದ್ದು ಆ ಕೆಲವು ತಿಂಗಳು ಮಾತ್ರ.

ಆಮೇಲೊಂದು ದಿನ ಬೆಳಿಗ್ಗೆ, ರೇಷ್ಮೆ ನೂಲು ತೆಗೆಯುವ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದ ಸೈಯದ್ ಸಾಬರು ಪಾರ್ಸೆಲ್ ಸಮೇತ ನಮ್ಮ ಕಚೇರಿಗೆ ಬಂದರು. ಬಸುರಿ ಮಗಳು ಆಸೆಪಟ್ಟಳೆಂದು ಸಿದ್ದಲಿಂಗಣ್ಣನ ಹೋಟೆಲಿನಿಂದ ಬಿಸಿಬೇಳೆ ಬಾತು ಒಯ್ದಿದ್ದರು. ಎರಡು ತುತ್ತಿಗೆ ಆಕೆಗೆ ಕಣ್ಣುರಿ, ಗಂಟಲುರಿ, ವಾಂತಿ. ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಸಾಬರು ಪಾರ್ಸೆಲ್ಲನ್ನು ನನ್ನ ಮೇಜಿನ ಮೇಲಿಟ್ಟು ಬಿಚ್ಚಿದರು.

"ಬಾತ್ ಕೆಟ್ಟಿಲ್ಲ ಸಾರ್. ದೊನ್ನೆ ಮೂಸಿ ನೋಡಿ. ಹುಟ್ಟಿದಾಗಿಂದ ಗೂಡಿನ ಮಧ್ಯೆ ಬದುಕಿದೀನಿ, ಈ ವಾಸ್ನೆ ನಂಗೆ ಗೊತ್ತು. ಇದು ಹುಳದ ಮನೆಗೆ ಹೊಡೆಯೋ ಔಷಧಿ."

ಮೂಸಿದೆ. ಕಣ್ಣಲ್ಲಿ ನೀರು ಬಂತು. ಫಾರ್ಮಲಿನ್. ಹೆಣ ಕೆಡದಂತೆ ಇಡಲು ಬಳಸುತ್ತಾರಲ್ಲ, ಅದೇ. ಹುಳು ಸಾಕುವವರು ಪ್ರತಿ ಬೆಳೆಗೂ ಮುಂಚೆ ರೋಗ ಬಾರದಿರಲೆಂದು ಅದನ್ನು ನೀರಿಗೆ ಬೆರೆಸಿ ಕೋಣೆಗೆಲ್ಲ ಹೊಡೆದು, ಸಂದುಗಳಿಗೆ ಕಾಗದ ಅಂಟಿಸಿ ಬಾಗಿಲು ಮುಚ್ಚುತ್ತಾರೆ. ಆಮೇಲೆ ತೆರೆದು ಗಾಳಿಗೆ ಬಿಡುತ್ತಾರೆ.

ಗಾಜಿನ ಬಾಟಲಿಗಳನ್ನು ಹಿಡಿದು ಹೊರಟೆ. ದಾರಿಯುದ್ದಕ್ಕೂ ಆ ಹೆಣ್ಣುಮಗಳ ಹೊಟ್ಟೆಯಲ್ಲಿದ್ದ ಮಗುವಿನ ಬಗ್ಗೆ ಏನೇನು ಯೋಚಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತಾಯಿ ನಾಲ್ಕು ದಿನಕ್ಕೆ ಮನೆಗೆ ಬಂದಳು. ಮಗು ದಿನ ತುಂಬಿ ಹುಟ್ಟಿತು, ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನಂತೆ ಯಾರೂ ಉಸಿರು ಹಿಡಿದು ಓದುವುದು ಬೇಡ.

ಗೌರಮ್ಮನ ಮನೆಯಲ್ಲಿ ನಡೆದದ್ದು ಇಷ್ಟು. ಹಿಂದಿನ ಬೆಳೆಗಳಲ್ಲಿ ಔಷಧಿ ಹೊಡೆಯುವ ಹೊತ್ತಿಗೆ ದೊನ್ನೆಗಳೆಲ್ಲ ಹೋಟೆಲಿಗೆ ಹೋಗಿರುತ್ತಿದ್ದವು. ಈ ಸಲ ಮದುವೆ ಕಾಲವೆಂದು ಹೆಚ್ಚು ಮಾಡಿದ್ದರು, ಕಟ್ಟುಗಳು ಸ್ಟ್ಯಾಂಡಿನ ಮೇಲೇ ಇದ್ದವು. ಹುಳುವಿನ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ, ಬಲೆ ಎಲ್ಲವನ್ನೂ ಒಳಗಿಟ್ಟೇ ಹೊಡೆಯುವುದು ಅವರ ಪದ್ಧತಿ. ಬಸವಣ್ಣ ಹೆಂಡತಿಯ ದೊನ್ನೆಯ ಕಟ್ಟುಗಳನ್ನು ಬಿಚ್ಚಿ ಹರಡಿ, ಅವಕ್ಕೂ ಹೊಡೆದಿದ್ದರು. ಮರೆವಿನಿಂದಲ್ಲ, ಅಕ್ಕರೆಯಿಂದ. ಒಣಗಿದ ಎಲೆ ಅದನ್ನು ಹೀರಿಕೊಂಡಿತು. ವಾಸನೆ ಹೋಯಿತೆಂದು ಕಟ್ಟಿ ಕಳಿಸಿದರು. ಸುಡುವ ಬಾತು ಬಿದ್ದಾಗ ಎಲೆ ಕುಡಿದದ್ದನ್ನೆಲ್ಲ ಕಕ್ಕಿತು.

ಮನುಷ್ಯ ಉಣ್ಣುವ ಎಲೆಗೆ ಆ ವಿಷವನ್ನು ಯಾಕೆ ಹೊಡೆದಿರಿ ಎಂದು ಕೇಳಿದೆ. ಬಸವಣ್ಣನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ವಿಷ ಯೆಂಗಾದದು ಸಾ? ಊದುಕಡ್ಡಿ ಒಗೆ ತಗುಲಿದ್ರೆ ಸಾಯ್ತವೆ ನಮ್ ಹುಳ. ಕೈಗೆ ಒಗೆಸೊಪ್ಪಿನ ವಾಸ್ನೆ ಇದ್ರೆ ಸಾಯ್ತವೆ. ಅಂತಾ ಹುಳಕ್ಕೇ ಏನೂ ಆಗ್ದಿರೋದು, ಮನುಸ್ರಿಗೆ ಆಗ್ಬುಡ್ತದಾ?"

ಅವರ ತರ್ಕದಲ್ಲಿ ತಪ್ಪು ಹುಡುಕಲು ನನಗೆ ಸುಮಾರು ಹೊತ್ತೇ ಬೇಕಾಯಿತು. ಆ ಮನೆಯಲ್ಲಿ ಹುಳಕ್ಕಿಂತ ನಾಜೂಕಾದ ಜೀವವಿರಲಿಲ್ಲ. ಮೊಮ್ಮಗು ಅಂಗಳದ ಮಣ್ಣಿನಲ್ಲಿ ಆಡಿಕೊಂಡಿರುತ್ತಿತ್ತು. ಹುಳುಮನೆಗೆ ಅದು ಬರಬೇಕಾದರೂ ಕಾಲು ತೊಳೆಯಬೇಕಿತ್ತು.

ಗೌರಮ್ಮ ಕಂಬಕ್ಕೆ ಒರಗಿ ನಿಂತಿದ್ದರು. "ಆ ಉಡ್ಗಿ ಉಳ್ಕತ್ತಾಳಾ?" ಎಂದು ಒಂದೇ ಕೇಳಿದರು. ಉಳಿಯುತ್ತಾಳೆ ಎಂದೆ. ಆಗ ಅವರು ಕೂತರು. ಜಗಲಿಯ ಹೆಂಗಸರು ಕಡ್ಡಿಗಳನ್ನು ಸೆರಗಿನಿಂದ ಕೊಡವಿ ಒಬ್ಬೊಬ್ಬರಾಗಿ ಎದ್ದು ಹೋದರು. ಉಳಿದ ದೊನ್ನೆಗಳನ್ನು ಬಸವಣ್ಣನೇ ಹಿತ್ತಲಿನ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು.

ಪ್ರಯೋಗಾಲಯದ ವರದಿ ಸಾಬರ ಮೂಗಿಗೆ ಸಹಿ ಹಾಕಿತು. ಮೇಲಧಿಕಾರಿಗಳು ನನ್ನನ್ನು ಕರೆಸಿದರು. ಅವರ ಮೇಜಿನ ಮೇಲೆ ನಾನು ಸಹಿ ಮಾಡಿದ ತಪಾಸಣೆಯ ಹಾಳೆಯಿತ್ತು.

"ಆ ಮನೆಯಲ್ಲಿ ಔಷಧಿ ಹೊಡೆಯುತ್ತಾರೆ ಅನ್ನೋದು ತಪಾಸಣೆ ದಿನವೇ ತಿಳಿಯಬೇಕಿತ್ತಲ್ಲ," ಎಂದರು. "ಕ್ಯಾನು, ಪಂಪು ಅಲ್ಲೇ ಇರುತ್ತಲ್ಲ. ನೀವು ಒಳಗೆ ಹೋಗಿದ್ದಿರಾ?"

ಒದರಾಡುವ ಅಧಿಕಾರಿಯಾಗಿದ್ದರೆ ನಾನು ನಿಜ ಹೇಳುತ್ತಿದ್ದೆನೋ ಏನೋ. ಅವರು ನನ್ನನ್ನು ನಂಬಿ ಕೇಳಿದರು.

"ಹೋಗಿದ್ದೆ ಸರ್. ಆಗ ಏನೂ ಇರಲಿಲ್ಲ," ಎಂದೆ.

ಅವರು ತಲೆಯಾಡಿಸಿ ಬರೆದುಕೊಂಡರು. ನಾನು ಒಳಗೆ ಹೋಗಿದ್ದು ನಿಜವಾದರೆ, ಒಳಗೆ ಏನೂ ಇರಲಿಲ್ಲವೆಂಬುದು ನಿಜವಾದರೆ, ಗೌರಮ್ಮ ಸಂಗತಿಯನ್ನು ಮುಚ್ಚಿಟ್ಟರು ಎಂದಾಗುತ್ತದೆ. ಆದೇಶದಲ್ಲಿ ಹಾಗೇ ಬಂತು: ತಪಾಸಣೆಯ ವೇಳೆ ಮರೆಮಾಚಿ, ನಂತರ ಕೋಣೆಯನ್ನು ಬೇರೆ ಉದ್ದೇಶಕ್ಕೆ ಬಳಸಿದ್ದಾರೆ. ದೊನ್ನೆ ಮಾಡಿ ಮಾರುವಂತಿಲ್ಲ. ಆದೇಶದ ಪ್ರತಿಯನ್ನು ತಲುಪಿಸುವುದು ನನ್ನ ಕೆಲಸವೇ ಆಗಿತ್ತು.

ಗೌರಮ್ಮ ಏಳನೆಯ ಕ್ಲಾಸಿನವರೆಗೆ ಓದಿದವರು. ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಒಂದು ಕಡೆ ಬೆರಳು ನಿಂತಿತು.

"ಒಳೀಕೆ ಬಂದು ನೋಡಿದ್ರಿ ಅಂತ ಐತಲ್ಲ ಸಾ."

ಅವರು ನನ್ನ ಮುಖವನ್ನು ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟರು. ಬಸವಣ್ಣ ಏನೋ ಹೇಳಲು ಮುಂದೆ ಬಂದರು. ಆಕೆ ಕೈಯಲ್ಲೇ ತಡೆದರು.

"ಆಗ್ಲಿ ಬುಡಿ," ಎಂದರು. "ನಿಮ್ಗೂ ಎಂಡ್ರು ಮಕ್ಳವ್ರೆ. ಎಲ್ಲಿ ಸೈನ್ ಮಾಡ್ಲಿ ಯೋಳಿ."

ಸಹಿ ಮಾಡಿದರು. ದಪ್ಪ ದಪ್ಪ ಅಕ್ಷರ. ಜಗಲಿಯ ಹೆಂಗಸರಲ್ಲಿ ಯಾರಾದರೂ ನಾಳೆ ಎಲೆಗೆ ಹೋಗಬೇಕೇ ಎಂದು ಕೇಳಿಕೊಂಡು ಬರುವ ಹೊತ್ತು ಅದು. ಯಾರೂ ಬರಲಿಲ್ಲ.

ಸಿದ್ದಲಿಂಗಣ್ಣ ಮರುವಾರವೇ ಬೆಳ್ಳಿ ಹಾಳೆಯ ಬಟ್ಟಲುಗಳಿಗೆ, ಪ್ಲಾಸ್ಟಿಕ್ ಮುಚ್ಚಳಗಳಿಗೆ, ಸಾಂಬಾರಿನ ಕವರಿಗೆ ಮರಳಿದ. ನಾನು ಎದುರು ನಿಂತಾಗ, "ಇದ್ರಾಗೆ ವಾಸ್ನೆ ಬರಲ್ಲ ಕಣ್ ಸಾ," ಎಂದ. ನಿಜ. ಗೌರಮ್ಮನ ದೊನ್ನೆಯಲ್ಲಿದ್ದದ್ದು ಮೂಗಿಗೆ ಬಡಿಯಿತು, ಸಿಕ್ಕಿಬಿತ್ತು. ಕವರಿನಿಂದ ಇಳಿಯುವುದಕ್ಕೆ ವಾಸನೆಯಿಲ್ಲ, ಉರಿಯಿಲ್ಲ, ಅದನ್ನು ತಿಂದವರು ಪಾರ್ಸೆಲ್ ಹಿಡಿದುಕೊಂಡು ಕಚೇರಿಗೆ ಬರುವುದಿಲ್ಲ. ಅವರು ಎಲ್ಲಿಗೆ, ಯಾವಾಗ ಹೋಗುತ್ತಾರೆ ಎಂಬುದನ್ನು ಯಾವ ಬಾಟಲಿಯಲ್ಲಿ ಹಿಡಿದು ಕಳಿಸುವುದೋ ನನಗೆ ತಿಳಿಯಲಿಲ್ಲ. ಕೆಲವೇ ತಿಂಗಳಿಗೆ ಅರ್ಜಿ ಬರೆದುಕೊಟ್ಟು ಕೆಲಸ ಬಿಟ್ಟೆ.

ಈಗ ಮೇಲಧಿಕಾರಿಗಳಿಗೆ ಒಂದು ಪತ್ರ ಬರೆದು, ನಾನು ಒಳಗೆ ಹೋಗಿರಲಿಲ್ಲ, ಗೌರಮ್ಮ ಏನನ್ನೂ ಮುಚ್ಚಿಟ್ಟಿರಲಿಲ್ಲ ಎಂದು ತಿಳಿಸಿದ್ದೇನೆ. ತಡವಾಯಿತು. ಆದೇಶ ತಿದ್ದಿದರೂ ಆಕೆ ಮತ್ತೆ ಎಲೆ ಹಚ್ಚಲು ಕೂರುವುದಿಲ್ಲ ಎಂದು ಬಸವಣ್ಣ ಫೋನಿನಲ್ಲಿ ಹೇಳಿದರು. ಕತ್ತಿಯನ್ನು ಯಾರಿಗೋ ಕೊಟ್ಟುಬಿಟ್ಟರಂತೆ.

ಒಳಗೆ ಯಾಕೆ ಹೋಗಲಿಲ್ಲ ಎಂದು ಹೊಸಬರು ಕೇಳಬೇಕು. ಕೇಳಲೇಬೇಕು. ಯಾರೂ ನನಗೆ ಏನನ್ನೂ ಕೊಟ್ಟಿರಲಿಲ್ಲ. ಯಾವ ಒತ್ತಡವೂ ಇರಲಿಲ್ಲ. ಮುಂದಿನ ಬಸ್ಸಿಗೆ ಎರಡು ಗಂಟೆ ಸಮಯವಿತ್ತು. ಗೌರಮ್ಮ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲ ಬಳಿ ಕಾಯುತ್ತಿದ್ದರು. ಅಂದು ಬೆಳಿಗ್ಗೆ ಅವಸರದಲ್ಲಿ ಹಾಕಿಕೊಂಡ ನನ್ನ ಎಡಗಾಲಿನ ಕಾಲುಚೀಲ ಹರಿದು ಹೆಬ್ಬೆರಳು ಹೊರಗೆ ಬಂದಿತ್ತು. ಆ ನಾಲ್ಕು ಜನ ಹೆಂಗಸರ ಎದುರಿಗೆ ಶೂ ಬಿಚ್ಚಲು ನಾಚಿಕೆಯಾಯಿತು.